ಹೆಪ್ಪುಗಟ್ಟಿಸಿದ ಮೀನಿಗೆ ಉಪ್ಪು: ಉಳಿಸುವುದೇನು, ಕಳೆಯುವುದೇನು?

ಮೀನು ಮತ್ತು ಉಪ್ಪು ಇವೆರಡೂ ಕಡಲಿನ ಕೊಡುಗೆಗಳು. ಕರಾವಳಿಯ ಜನರಿಗೆ ಇವುಗಳ ನಂಟು ಇಂದು ನಿನ್ನೆಯದಲ್ಲ. ಮಳೆಗಾಲದಲ್ಲಿ ದೋಣಿಗಳು ದಡ ಸೇರಿ ಮಲಗುವ ತಿಂಗಳುಗಳಿಗಾಗಿ ಬೇಸಗೆಯಲ್ಲಿಯೇ ಮೀನಿಗೆ ಉಪ್ಪು ಹಾಕಿ ಒಣಗಿಸಿ ಕಟ್ಟಿಡುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ನೆಲೆಸಿದವರು ಊರಿಗೆ ಹೋಗಿ ಬರುವಾಗಲೆಲ್ಲ ಉಪ್ಪಿನಕಾಯಿಯ ಭರಣಿಯೊಂದಿಗೆ ಒಣಮೀನಿನ ಕಟ್ಟನ್ನೂ ತರುತ್ತಿದ್ದರು. ಇಂದು ಆ ಕಟ್ಟಿನ ಸ್ಥಾನವನ್ನು ಬಹುಮಟ್ಟಿಗೆ ಫ್ರಿಜ್ಜಿನ ಫ್ರೀಜರ್ ಆಕ್ರಮಿಸಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ನಗರದ ಮನೆಗಳಿಗೆ ಬರುವ ಮೀನಿನಲ್ಲಿ ಹೆಪ್ಪುಗಟ್ಟಿಸಿದ ಮೀನಿನ ಪಾಲು ಹೆಚ್ಚಾಗಿರುತ್ತದೆ. ಉಳಿದ ದಿನಗಳಲ್ಲಿಯೂ ವಾರಕ್ಕೊಮ್ಮೆ ಮೀನು ತಂದು, ಕಡಿದು, ತೊಳೆದು, ಡಬ್ಬಿಯಲ್ಲಿ ತುಂಬಿ ಫ್ರೀಜರಿನಲ್ಲಿಡುವುದು ಕೆಲಸಕ್ಕೆ ಹೋಗುವವರ ಮನೆಗಳಲ್ಲಿ ವಾಡಿಕೆಯಾಗಿದೆ.

ಮೀನು ಹೊಸ ವಿಧಾನಕ್ಕೆ ಬದಲಾದರೂ ಉಪ್ಪು ಹಚ್ಚುವ ನಮ್ಮ ಕೈ ಮಾತ್ರ ಹಳೆಯದೇ. ಕೆಲವರು ಮೀನಿಗೆ ಉಪ್ಪು, ಅರಸಿನ ಸವರಿ ಫ್ರೀಜರಿನಲ್ಲಿಡುತ್ತಾರೆ. ಕೆಲವರು ಹೊರತೆಗೆದ ಮೀನನ್ನು ನಲ್ಲಿಯ ಕೆಳಗೆ ಕರಗಿಸಿ, ಕೈತುಂಬ ಉಪ್ಪು ಹಚ್ಚಿ ಗಂಟೆಗಟ್ಟಲೆ ಬಿಟ್ಟು, ಕೆಳಗೆ ನಿಂತ ನೀರನ್ನು ಚೆಲ್ಲಿಬಿಡುತ್ತಾರೆ. ಹಾಗೆ ಚೆಲ್ಲಿದ ನೀರು ಬರಿಯ ನೀರೇ? ಉಪ್ಪು ಮೀನನ್ನು ಕಾಪಾಡುವುದೋ, ಅದರ ಸಾರವನ್ನು ಹೀರುವುದೋ? ಈ ಪ್ರಶ್ನೆಗೆ ಆಹಾರ ವಿಜ್ಞಾನವು ಕೊಡುವ ಉತ್ತರವು ಅಡುಗೆಮನೆಗೂ ಆರೋಗ್ಯಕ್ಕೂ ಸಮಾನವಾಗಿ ಸಂಬಂಧಿಸಿದೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಅಲ್ಪ ಉಪ್ಪು ಅಲ್ಪ ಕಾಲ ಸೋಕಿದರೆ ಮೀನಿನ ಮಾಂಸವು ತನ್ನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಅತಿಯಾದರೆ, ಅಥವಾ ಕಾಲ ಅತಿಯಾದರೆ, ನೀರನ್ನೂ ಅದರೊಡನೆ ಪ್ರೋಟೀನನ್ನೂ ಕಳೆದುಕೊಳ್ಳುತ್ತದೆ. ಇದರ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮಾಂಸದಲ್ಲಿ ನೀರು ನಿಲ್ಲುವುದೆಲ್ಲಿ?

ಬಂಗುಡೆಯಂತಹ ಮೀನಿನ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಐದನೆಯ ಒಂದು ಪಾಲಿನಷ್ಟು ಪ್ರೋಟೀನು, ಅಂದರೆ ನಮ್ಮ ಹಳೆಯ ಪಠ್ಯಪುಸ್ತಕಗಳ ‘ಸಸಾರಜನಕ’. ಉಳಿದದ್ದು ಕೊಬ್ಬು ಮತ್ತು ಖನಿಜಾಂಶ. ಮುಂಬಯಿಯ ಪ್ರಸಿದ್ಧ ಬೊಂಬಿಲ್ ಮೀನಿನಲ್ಲಿ ನೀರಿನ ಅಂಶ ಇನ್ನೂ ಹೆಚ್ಚು, ಶೇಕಡಾ 90ರ ಸಮೀಪಕ್ಕೆ ಹೋಗುತ್ತದೆ. ಕೋಳಿ ಮನೆತನದ ಹೆಂಗಸರು ಬೊಂಬಿಲನ್ನು ಹುರಿಯುವ ಮೊದಲು ಭಾರವಾದ ಕಲ್ಲಿನಡಿಯಲ್ಲಿಟ್ಟು ನೀರನ್ನು ಹಿಂಡುವುದು ಇದೇ ಕಾರಣಕ್ಕಾಗಿ.

ಇಷ್ಟೊಂದು ನೀರು ಮಾಂಸದಲ್ಲಿ ತೊಟ್ಟಿಯಲ್ಲಿ ನಿಂತಂತೆ ನಿಂತಿರುವುದಿಲ್ಲ. ಮೀನಿನ ಸ್ನಾಯುವು ಕೂದಲಿಗಿಂತ ಎಷ್ಟೋ ಸೂಕ್ಷ್ಮವಾದ ತಂತುಗಳ ಕಟ್ಟು. ಈ ತಂತುಗಳು ಮಯೋಸಿನ್, ಆಕ್ಟಿನ್ ಎಂಬ ಪ್ರೋಟೀನುಗಳಿಂದ ಆದವು. ಮೀನಿನ ಒಟ್ಟು ಪ್ರೋಟೀನಿನಲ್ಲಿ ಸರಿಸುಮಾರು ಮೂರರಲ್ಲಿ ಎರಡು ಪಾಲು, ಅಥವಾ ಅದಕ್ಕೂ ಹೆಚ್ಚು, ಇವುಗಳದೇ. ನೆರಿಗೆ ಹಿಡಿದ ಹತ್ತಿಯ ಬಟ್ಟೆ ನೀರನ್ನು ಹಿಡಿದಿಡುವಂತೆ ಈ ತಂತುಗಳ ನಡುವಣ ಕಿಂಡಿಗಳಲ್ಲಿ ಬಹುಪಾಲು ನೀರು ಸಿಲುಕಿಕೊಂಡಿರುತ್ತದೆ. ಇನ್ನೊಂದು ಜಾತಿಯ ಪ್ರೋಟೀನುಗಳು ಜೀವಕೋಶದ ರಸದಲ್ಲಿ ಕರಗಿಕೊಂಡಿರುತ್ತವೆ. ಒಟ್ಟು ಪ್ರೋಟೀನಿನಲ್ಲಿ ಇವುಗಳ ಪಾಲು ಶೇಕಡಾ 20ರಿಂದ 30. ಮೂರನೆಯದು ಸ್ನಾಯುಗಳನ್ನು ಬಂಧಿಸುವ ಪ್ರೋಟೀನು. ಮೂಳೆಮೀನುಗಳಲ್ಲಿ ಅದರ ಪ್ರಮಾಣ ಅತ್ಯಲ್ಪ. ಮೀನು ಬೇಗನೆ ಬೇಯುವುದಕ್ಕೂ ಸುಲಭವಾಗಿ ಜೀರ್ಣವಾಗುವುದಕ್ಕೂ ಇದೇ ಕಾರಣ.

ಈ ಮೂರರಲ್ಲಿ ಎರಡು ಸಂಗತಿಗಳನ್ನು ಓದುಗರು ನೆನಪಿನಲ್ಲಿಡಬೇಕು. ತಂತುವಿನ ಪ್ರೋಟೀನು ಬರಿಯ ನೀರಿನಲ್ಲಿ ಕರಗುವುದಿಲ್ಲ, ಉಪ್ಪುನೀರಿನಲ್ಲಿ ಕರಗುತ್ತದೆ. ಕೋಶರಸದ ಪ್ರೋಟೀನು ನೀರಿನಲ್ಲಿಯೇ ಕರಗುತ್ತದೆ. ಆದುದರಿಂದ ಕೋಶದ ಗೋಡೆ ಹರಿದೊಡನೆ ಅದು ಹೊರಹರಿಯಲು ಸಿದ್ಧವಾಗಿರುತ್ತದೆ. ಮುಂದಿನ ಕಥೆಯೆಲ್ಲ ಇವೆರಡರ ಸುತ್ತ ನಡೆಯುವುದು.

ಹೆಪ್ಪುಗಟ್ಟುವಾಗ ಆಗುವ ಹಾನಿ

ಮೀನಿನೊಳಗಿನ ನೀರು ಶುದ್ಧ ನೀರಲ್ಲವಾದ್ದರಿಂದ ಅದು ಸರಿಯಾಗಿ ಶೂನ್ಯ ಡಿಗ್ರಿಯಲ್ಲಿ ಗಡ್ಡೆಕಟ್ಟುವುದಿಲ್ಲ. ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟಲಾರಂಭಿಸಿ, ಐದು ಡಿಗ್ರಿ ಕೆಳಗೆ ಇಳಿಯುವಷ್ಟರಲ್ಲಿ ಸುಮಾರು ಮುಕ್ಕಾಲು ಪಾಲು ನೀರು ಮಂಜಾಗಿರುತ್ತದೆ. ಈ ನಡುವಣ ಹಂತವನ್ನು ಮೀನು ಎಷ್ಟು ಬೇಗ ದಾಟುವುದೋ ಅಷ್ಟು ಒಳ್ಳೆಯದು. ಬೇಗ ದಾಟಿದರೆ ಮಂಜಿನ ಹರಳುಗಳು ಸಣ್ಣವಾಗಿ, ಎಲ್ಲೆಡೆ ಸಮನಾಗಿ ಹರಡುತ್ತವೆ. ನಿಧಾನವಾದರೆ ಹರಳುಗಳು ದೊಡ್ಡದಾಗಿ ಬೆಳೆದು ಕೋಶಗಳ ಗೋಡೆಗಳನ್ನು ಒತ್ತಿ ಹರಿಯುತ್ತವೆ. ದೊಡ್ಡ ಕಾರ್ಖಾನೆಗಳಲ್ಲಿ ಲೋಹದ ತಟ್ಟೆಗಳ ನಡುವೆ ಅಥವಾ ಅತಿಶೀತ ಗಾಳಿಯಲ್ಲಿ ಮೀನನ್ನು ತ್ವರಿತವಾಗಿ ಹೆಪ್ಪುಗಟ್ಟಿಸುತ್ತಾರೆ. ಒಂದು ಕಿಲೋ ಮೀನನ್ನು ಒಂದೇ ಗಂಟಾಗಿ ನಮ್ಮ ಫ್ರಿಜ್ಜಿನಲ್ಲಿಟ್ಟರೆ ಆ ಗಂಟಿನ ನಡುಭಾಗ ಗಟ್ಟಿಯಾಗಲು ಹಲವು ಗಂಟೆಗಳೇ ಬೇಕಾಗುತ್ತವೆ.

ಆದರೆ ಹರಳುಗಳಷ್ಟೇ ಅಪರಾಧಿಗಳಲ್ಲ. ನೀರು ಮಂಜಾದಂತೆಲ್ಲ ಇನ್ನೂ ಮಂಜಾಗದೆ ಉಳಿದ ಸ್ವಲ್ಪ ನೀರಿನಲ್ಲಿ ಮೀನಿನದೇ ಆದ ಲವಣಗಳು ಸಾಂದ್ರವಾಗುತ್ತಾ ಹೋಗುತ್ತವೆ. ಈ ಸಾಂದ್ರ ದ್ರವದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನೆನೆದ ತಂತುವಿನ ಪ್ರೋಟೀನು ತನ್ನ ಸಹಜ ಮಡಿಕೆಗಳನ್ನು ಕಳೆದುಕೊಂಡು, ಒಂದಕ್ಕೊಂದು ಅಂಟಿಕೊಂಡು ಒರಟಾಗುತ್ತದೆ. ಒಮ್ಮೆ ಹಾಗಾದ ಮೇಲೆ ಮಂಜು ಕರಗಿ ಮತ್ತೆ ನೀರಾದರೂ ಆ ನೀರನ್ನು ಹಳೆಯಂತೆ ಹಿಡಿದಿಡುವ ಶಕ್ತಿ ತಂತುವಿಗೆ ಇರುವುದಿಲ್ಲ. ತಟ್ಟೆಯ ತಳದಲ್ಲಿ ಕೆಂಪುಮಿಶ್ರಿತವಾಗಿ ನಿಲ್ಲುವ ರಸವು ಹೀಗೆ ಅನಾಥವಾದ ನೀರು. ಅದರಲ್ಲಿ ಕೋಶರಸದ ಪ್ರೋಟೀನು, ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂ ಮೊದಲಾದ ಖನಿಜಗಳು, ಮೀನಿನ ರುಚಿಗೆ ಕಾರಣವಾದ ದ್ರವ್ಯಗಳು ಕರಗಿರುತ್ತವೆ.

ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ 1929ರಲ್ಲಿ ಸ್ಥಾಪಿತವಾದ ಟಾರಿ ಸಂಶೋಧನಾ ಕೇಂದ್ರವು ಮೀನನ್ನು ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಕಾದಿಡಬೇಕೆಂದು ದಶಕಗಳ ಕಾಲ ಒತ್ತಿಹೇಳಿದ್ದು ಇದೇ ಹಾನಿಯನ್ನು ತಡೆಯಲು. ವ್ಯಾಪಾರದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಮಟ್ಟ ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ. ಒಂದೇ ಬಾಗಿಲಿನ ಸಣ್ಣ ಫ್ರಿಜ್ಜುಗಳ ಮಂಜಿನ ಗೂಡು ಅನೇಕ ವೇಳೆ ಅಷ್ಟು ತಣ್ಣಗಿರುವುದಿಲ್ಲ. ಅದರ ಮೇಲಿನ ನಕ್ಷತ್ರದ ಗುರುತುಗಳನ್ನು ನೋಡಿ ಇದನ್ನು ತಿಳಿಯಬಹುದು: ಒಂದು ನಕ್ಷತ್ರವೆಂದರೆ ಶೂನ್ಯಕ್ಕಿಂತ 6 ಡಿಗ್ರಿ ಕೆಳಗೆ, ಎರಡಾದರೆ 12, ಮೂರಾದರೆ 18.

ಉಪ್ಪಿನ ಎರಡು ಮುಖಗಳು

ಕಡಲಿನ ನೀರಿನಲ್ಲಿ ಸುಮಾರು ಶೇಕಡಾ 3.5ರಷ್ಟು ಲವಣವಿದೆ. ಆದರೂ ಅದರಲ್ಲಿಯೇ ಹುಟ್ಟಿ ಬೆಳೆದ ಬಂಗುಡೆಯ ಮಾಂಸ ಉಪ್ಪಾಗಿರುವುದಿಲ್ಲ. ಜೀವಂತ ಮೀನಿನ ದೇಹವು ಉಪ್ಪನ್ನು ಹೊರಗಟ್ಟುತ್ತಲೇ ಇರುತ್ತದೆ. ಮೀನು ಸತ್ತ ಮೇಲೆ ಈ ಕಾವಲು ತಪ್ಪುತ್ತದೆ. ನಾವು ಹಚ್ಚಿದ ಉಪ್ಪು ಒಳಗೆ ಇಳಿಯತೊಡಗುತ್ತದೆ.

ಮೊದಲು ಅಲ್ಪ ಉಪ್ಪಿನ ಸಂಗತಿ. ಮಾಂಸದ ತಂತುಗಳ ನಡುವೆ ಸ್ವಲ್ಪ ಉಪ್ಪು ಸೇರಿದಾಗ ಅದರ ಕ್ಲೋರೈಡ್ ಅಂಶವು ಪ್ರೋಟೀನಿಗೆ ಅಂಟಿಕೊಂಡು, ತಂತುಗಳು ಒಂದನ್ನೊಂದು ದೂರ ತಳ್ಳುವಂತೆ ಮಾಡುತ್ತದೆ. ಕಿಂಡಿಗಳು ಅಗಲವಾಗುತ್ತವೆ, ಅಗಲವಾದ ಕಿಂಡಿಗಳಲ್ಲಿ ಹೆಚ್ಚು ನೀರು ನಿಲ್ಲುತ್ತದೆ. ಇಂಗ್ಲೆಂಡಿನ ಆಫರ್ ಮತ್ತು ಟ್ರಿನಿಕ್ ಎಂಬ ವಿಜ್ಞಾನಿಗಳು ಸ್ನಾಯುವಿನ ಬಿಡಿ ತಂತುಗಳನ್ನು ಉಪ್ಪುನೀರಿನಲ್ಲಿರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅವು ಬೇಗನೆ ಮೊದಲಿನ ಗಾತ್ರದ ಎರಡರಷ್ಟಾದರೂ ಉಬ್ಬಿದ್ದನ್ನು ಕಂಡರು. ಅವರ ಈ ಪ್ರಸಿದ್ಧ ಲೇಖನ 1983ರಲ್ಲಿ ಪ್ರಕಟವಾಯಿತು. ಮಾಂಸದೊಳಗಿನ ನೀರಿನಲ್ಲಿ ಉಪ್ಪು ಶೇಕಡಾ ಐದಾರರಷ್ಟಾಗುವವರೆಗೆ ಈ ಉಬ್ಬುವಿಕೆ ಹೆಚ್ಚುತ್ತಾ ಹೋಗುತ್ತದೆ.

ಮೀನಿನ ತುಂಡುಗಳನ್ನು ಹೆಪ್ಪುಗಟ್ಟಿಸುವ ಮೊದಲು ತಿಳಿಯಾದ ಉಪ್ಪುನೀರಿನಲ್ಲಿ ಅದ್ದಿ ತೆಗೆಯುವ ಪದ್ಧತಿ ಹುಟ್ಟಿದ್ದು ಈ ಗುಣದಿಂದ. ತುಂಡಿನ ಕೊಯ್ದ ಮೈಯ ಮೇಲಿನ ಪ್ರೋಟೀನು ಉಪ್ಪುನೀರಿನಲ್ಲಿ ಕೊಂಚ ಕರಗಿ, ಅಂಟಿನಂತೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಅದು ಒಳಗಿನ ರಸಕ್ಕೆ ಒಂದು ಬಗೆಯ ಬಾಗಿಲು. ಕರಗಿಸುವಾಗ ಸೋರುವ ರಸ ಇದರಿಂದ ಕಡಿಮೆಯಾಗುತ್ತದೆ. ಕಾರ್ಖಾನೆಗಳಲ್ಲಿ ಉಪ್ಪಿನ ಬದಲಾಗಿ, ಅಥವಾ ಉಪ್ಪಿನ ಜೊತೆಗೆ, ಪಾಲಿಫಾಸ್ಫೇಟುಗಳನ್ನು ಬಳಸುವುದೂ ಉಂಟು. ಮಿತಿಯಲ್ಲಿ ಬಳಸಿದರೆ ಅವು ರಸವನ್ನು ಉಳಿಸುತ್ತವೆ. ಮಿತಿಮೀರಿದರೆ ಗ್ರಾಹಕನು ಮೀನಿನ ಬೆಲೆ ತೆತ್ತು ನೀರನ್ನು ಕೊಳ್ಳಬೇಕಾಗುತ್ತದೆ.

ಇನ್ನು ಅತಿಯಾದ ಉಪ್ಪಿನ ಸಂಗತಿ. ಸಾಮಾನ್ಯ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳಬಲ್ಲದು. ಮೀನಿನ ಮೈಮೇಲೆ ಹರಳುಪ್ಪನ್ನು ಹಾಕಿದಾಗ ಅಲ್ಲಿ ಇಂತಹ ಸಾಂದ್ರ ದ್ರಾವಣವೇ ಉಂಟಾಗುತ್ತದೆ. ಒಳಗೆ ನೀರು ಹೆಚ್ಚು, ಹೊರಗೆ ಉಪ್ಪು ಹೆಚ್ಚು. ಆದ್ದರಿಂದ ನೀರು ಹೊರಕ್ಕೂ ಉಪ್ಪು ಒಳಕ್ಕೂ ಚಲಿಸುತ್ತವೆ. ಉಪ್ಪಿನಕಾಯಿಗೆ ಹಾಕಿದ ಮಾವಿನ ಮಿಡಿ ಸುಕ್ಕುಗಟ್ಟುವುದೂ ಇದೇ ನಿಯಮದಿಂದ. ಆದರೆ ಮೀನಿನಲ್ಲಿ ಇನ್ನೊಂದು ಬದಲಾವಣೆಯೂ ಆಗುತ್ತದೆ. ಕೆನಡಾದ ಡ್ಯೂರ್ ಮತ್ತು ಡಯರ್ ಎಂಬವರು ಕಾಡ್ ಮೀನಿನ ಮೇಲೆ ನಡೆಸಿ 1952ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮಾಂಸದಲ್ಲಿ ಉಪ್ಪು ಶೇಕಡಾ 8ರಿಂದ 10ರ ಮಟ್ಟ ಮುಟ್ಟಿದಾಗ ತಂತುವಿನ ಪ್ರೋಟೀನು ತನ್ನ ಮೂಲ ಸ್ವರೂಪವನ್ನು ಕಳೆದುಕೊಳ್ಳುವುದು ಕಂಡುಬಂದಿತು. ಇದುವರೆಗೆ ಉಬ್ಬಿದ್ದ ತಂತುಗಳು ಆಗ ಕುಗ್ಗುತ್ತವೆ, ನೀರನ್ನು ಹಿಂಡಿದಂತೆ ಹೊರಬಿಡುತ್ತವೆ. ಮೀನು ಗಟ್ಟಿಯಾಗುತ್ತದೆ, ಅಪಾರದರ್ಶಕವಾಗುತ್ತದೆ. ಹೀಗೆ ಒಂದೇ ಉಪ್ಪು ಮೊದಲು ಬಾಗಿಲು ಮುಚ್ಚುತ್ತದೆ, ಬಳಿಕ ಅದೇ ಬಾಗಿಲನ್ನು ಒಡೆಯುತ್ತದೆ.

ಒಣಮೀನು ಮಾಡುವವರಿಗೆ ಈ ಎರಡನೆಯ ಗುಣವೇ ಬೇಕಾಗಿತ್ತು. ನೀರು ಹೋಗದೆ ಮೀನು ಉಳಿಯುವುದಿಲ್ಲ. ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಸರಕಾರವೇ ತೀರದಲ್ಲಿ ಉಪ್ಪುಮೀನಿನ ಅಂಗಳಗಳನ್ನು ನಡೆಸಿ, ಸುಂಕವಿಲ್ಲದ ಉಪ್ಪನ್ನು ಮೀನುಗಾರರಿಗೆ ಕೊಡುತ್ತಿತ್ತು. ಉಪ್ಪಿನ ಸುಂಕದ ಭಾರದಿಂದ ಮೀನು ಸರಿಯಾಗಿ ಉಪ್ಪಾಗದೆ ಕೆಡುತ್ತಿದೆಯೆಂಬುದನ್ನು ಫ್ರಾನ್ಸಿಸ್ ಡೇ ಅವರು 1873ರ ತಮ್ಮ ವರದಿಯಲ್ಲಿಯೇ ಸರಕಾರದ ಗಮನಕ್ಕೆ ತಂದಿದ್ದರು. ನಮ್ಮ ಕರಾವಳಿಯಲ್ಲಿ ಬಂಗುಡೆಗೆ ಉಪ್ಪಿನೊಂದಿಗೆ ಉಪ್ಪಾಗೆಯ ಹುಳಿಯನ್ನೂ ಸೇರಿಸಿ ಪೀಪಾಯಿಗಳಲ್ಲಿ ಅದುಮಿ ತುಂಬುವ ‘ಕೊಲಂಬೊ’ ವಿಧಾನವೂ ರೂಢಿಯಲ್ಲಿತ್ತು; ಆ ಮೀನು ಸಿಂಹಳಕ್ಕೆ ರಫ್ತಾಗುತ್ತಿತ್ತು. ಅಂದಿನವರಿಗೆ ಮಂಜುಗಡ್ಡೆಯಿರಲಿಲ್ಲ, ಪ್ರೋಟೀನಿನ ಒಂದು ಪಾಲನ್ನು ಬಲಿಕೊಟ್ಟು ಉಳಿದುದನ್ನು ಕಾಪಾಡಿಕೊಳ್ಳುವುದು ಅವರ ಪಾಲಿಗೆ ಜಾಣತನವೇ ಆಗಿತ್ತು. ಫ್ರೀಜರಿನಲ್ಲಿ ಮೀನಿಟ್ಟುಕೊಂಡಿರುವ ನಾವು ಅದೇ ಬಲಿಯನ್ನು ಮತ್ತೆ ಕೊಡಬೇಕಾದ ಅಗತ್ಯವಿಲ್ಲ.

ಕರಗಿಸಿದ ಮೀನು ಹೆಚ್ಚು ದುರ್ಬಲ

ತಾಜಾ ಮೀನಿಗೂ ಹೆಪ್ಪು ಬಿಡಿಸಿದ ಮೀನಿಗೂ ಒಂದೇ ಪ್ರಮಾಣದ ಉಪ್ಪನ್ನು ಒಂದೇ ಹೊತ್ತು ಹಚ್ಚಿಟ್ಟರೆ ಪರಿಣಾಮ ಒಂದೇ ಆಗುವುದಿಲ್ಲ. ತಾಜಾ ಮೀನಿನಲ್ಲಿ ಕೋಶಗಳ ಗೋಡೆಗಳು ಇನ್ನೂ ಬಹುಮಟ್ಟಿಗೆ ಗಟ್ಟಿಯಾಗಿದ್ದು, ಉಪ್ಪು ನಿಧಾನವಾಗಿ ಒಳಸೇರುತ್ತದೆ. ಹೆಪ್ಪು ಬಿಡಿಸಿದ ಮೀನಿನಲ್ಲಿ ಆ ಗೋಡೆಗಳು ಈಗಾಗಲೇ ಹರಿದಿರುತ್ತವೆ, ತಂತುಗಳ ಹಿಡಿತವೂ ಸಡಿಲವಾಗಿರುತ್ತದೆ. ಆದ್ದರಿಂದ ಉಪ್ಪು ಬೇಗನೆ ಒಳನುಗ್ಗುತ್ತದೆ, ನೀರು ಬೇಗನೆ ಹೊರನುಗ್ಗುತ್ತದೆ. ಉಪ್ಪುಮೀನಿನ ಉದ್ಯಮಕ್ಕೆ ಹೆಸರಾದ ಉತ್ತರ ಅಟ್ಲಾಂಟಿಕ್ ದೇಶಗಳಲ್ಲಿ ಕಾಡ್ ಮೀನಿನ ಮೇಲೆ ನಡೆದ ಅಧ್ಯಯನಗಳಲ್ಲಿಯೂ, ಮೊದಲು ಹೆಪ್ಪುಗಟ್ಟಿಸಿದ ಮೀನನ್ನು ಉಪ್ಪು ಹಾಕಿದಾಗ ತಾಜಾ ಮೀನಿಗಿಂತ ಕಡಿಮೆ ತೂಕದ ಸರಕು ಕೈಗೆ ಬರುವುದು ಕಂಡುಬಂದಿದೆ.

ನಮ್ಮ ಅಡುಗೆಮನೆಯಲ್ಲಿ ಇದರ ಅರ್ಥವಿಷ್ಟೇ: ತಾಜಾ ಬಂಗುಡೆಗೆ ಅರ್ಧ ಗಂಟೆ ಉಪ್ಪು ಹಚ್ಚಿಡುತ್ತಿದ್ದವರು ಫ್ರೀಜರಿನ ಬಂಗುಡೆಗೆ ಹತ್ತು ನಿಮಿಷ ಇಟ್ಟರೆ ಸಾಕು, ಉಪ್ಪನ್ನೂ ಕಡಿಮೆ ಮಾಡಬೇಕು. ಹುಣಸೆ, ಪುನರ್ಪುಳಿ, ಲಿಂಬೆಹುಳಿಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹುಳಿಯು ಪ್ರೋಟೀನಿನ ನೀರು ಹಿಡಿಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಉಪ್ಪು, ಹುಳಿ, ಖಾರ ಬೆರೆಸಿದ ಮಸಾಲೆಯಲ್ಲಿ ಹೆಪ್ಪು ಬಿಡಿಸಿದ ಮೀನನ್ನು ರಾತ್ರಿಯಿಡೀ ಬಿಟ್ಟರೆ, ಬೆಳಗ್ಗೆ ಮಸಾಲೆಯೆಲ್ಲ ತೆಳ್ಳಗಾಗಿ ಮೀನು ನಾರಿನಂತಾಗಿರುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಅಂಗಡಿಯವನು ಹಳೆಯ ಮೀನು ಕೊಟ್ಟನೆಂದು ದೂರುವ ಮುನ್ನ ಈ ಕಾರಣವನ್ನೂ ಯೋಚಿಸಬೇಕು.

ತೂಕ ಬೇರೆ, ಪೋಷಣೆ ಬೇರೆ

ಇಲ್ಲಿ ಎರಡು ಭ್ರಮೆಗಳಿಗೆ ಅವಕಾಶವಿದೆ. ಮೊದಲನೆಯದು ತೂಕದ ಭ್ರಮೆ. ತಿಳಿಯಾದ ಉಪ್ಪುನೀರಿನಲ್ಲಿ ಮೀನನ್ನು ಬಹಳ ಹೊತ್ತು ನೆನೆಯಿಟ್ಟರೆ ತೂಕ ಹೆಚ್ಚುತ್ತದೆ. ಮೀನು ದುಂಡಗೆ, ಹೊಳಪಾಗಿ ಕಾಣುತ್ತದೆ. ಆದರೆ ನೀರು ಒಳಗೆ ಹೋದಂತೆಯೇ ಕರಗುವ ಪ್ರೋಟೀನು ಹೊರಗೆ ಬಂದಿರುತ್ತದೆ. ನೆನೆಯಿಟ್ಟ ನೀರು ಕಲಕಿ, ನೊರೆ ಕಟ್ಟುವುದೇ ಇದಕ್ಕೆ ಸಾಕ್ಷಿ. ಅಂದರೆ ತೂಕ ಹೆಚ್ಚಿ ಸತ್ತ್ವ ಕಡಿಮೆಯಾಗುವುದು ಸಾಧ್ಯ.

ಎರಡನೆಯದು ಶೇಕಡಾವಾರು ಲೆಕ್ಕದ ಭ್ರಮೆ. ಕೇವಲ ಉದಾಹರಣೆಗಾಗಿ ಒಂದು ಕಿಲೋ ಮೀನಿನ ಮಾಂಸದಲ್ಲಿ 750 ಗ್ರಾಂ ನೀರು, 200 ಗ್ರಾಂ ಪ್ರೋಟೀನು, 50 ಗ್ರಾಂ ಇತರ ಅಂಶಗಳಿವೆ ಎಂದಿಟ್ಟುಕೊಳ್ಳೋಣ. ಧಾರಾಳವಾಗಿ ಉಪ್ಪು ಹಾಕಿದಾಗ 300 ಗ್ರಾಂ ನೀರೂ 10 ಗ್ರಾಂ ಪ್ರೋಟೀನೂ ಹೊರಹೋಗಿ, 100 ಗ್ರಾಂ ಉಪ್ಪು ಒಳಸೇರಿತು ಎನ್ನೋಣ. ಉಳಿಯುವ ಮೀನಿನ ತೂಕ 790 ಗ್ರಾಂ; ಅದರಲ್ಲಿ ಪ್ರೋಟೀನು 190 ಗ್ರಾಂ, ಅಂದರೆ ಶೇಕಡಾ 24. ಶೇಕಡಾ 20 ಇದ್ದದ್ದು 24 ಆಯಿತೆಂದು ಸಂತೋಷಪಡುವವರು ಒಟ್ಟಿನಲ್ಲಿ 10 ಗ್ರಾಂ ಕಳೆದುಹೋದುದನ್ನು ಕಾಣುವುದಿಲ್ಲ. ಇಂತಹ ಉಪ್ಪುಮೀನನ್ನು ತಿನ್ನುವ ಮೊದಲು ಮತ್ತೆ ನೀರಿನಲ್ಲಿ ನೆನೆಯಿಟ್ಟು ಉಪ್ಪು ತೆಗೆಯಬೇಕಾಗುತ್ತದೆ. ಆಗ ಇನ್ನಷ್ಟು ಪ್ರೋಟೀನು ನೀರುಪಾಲಾಗುತ್ತದೆ.

ಆದರೆ ಇದನ್ನು ಓದಿ ಭಯಪಡುವ ಕಾರಣವೂ ಇಲ್ಲ. ಮೀನಿನ ಪ್ರೋಟೀನಿನಲ್ಲಿ ಬಹುದೊಡ್ಡ ಪಾಲು ತಂತುಗಳಲ್ಲಿಯೇ ಉಳಿದಿರುತ್ತದೆ. ಸೋರಿಹೋಗುವುದು ಅದರ ಸಣ್ಣ ಭಾಗ. ಹೆಪ್ಪುಗಟ್ಟಿದ್ದರಿಂದ ಒರಟಾದ ಪ್ರೋಟೀನು ಕೂಡ ಜೀರ್ಣವಾಗುತ್ತದೆ, ದೇಹಕ್ಕೆ ಒದಗುತ್ತದೆ. ಹೆಪ್ಪುಗಟ್ಟಿಸಿದ ಮೀನಿನಲ್ಲಿ ಸತ್ತ್ವವೇ ಇಲ್ಲವೆಂಬ ಮಾತು ನಿಜವಲ್ಲ. ಸರಿಯಾಗಿ ಹೆಪ್ಪುಗಟ್ಟಿಸಿ ಕಾದಿಟ್ಟ ಮೀನು, ಮೂರು ದಿನ ಬಿಸಿಲಿನಲ್ಲಿ ಅಲೆದ ‘ತಾಜಾ’ ಮೀನಿಗಿಂತ ಎಷ್ಟೋ ಮೇಲು. ಆದರೆ ಮನೆಯಲ್ಲಿ ತುತ್ತು ಎಣಿಸಿ ತಿನ್ನುವ ವೃದ್ಧರು, ಬೆಳೆಯುವ ಮಕ್ಕಳು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಇದ್ದಲ್ಲಿ, ದುಬಾರಿ ಬೆಲೆ ಕೊಟ್ಟು ತಂದ ಮೀನಿನ ಸಾರವನ್ನು ಮೋರಿಗೆ ಚೆಲ್ಲುವುದು ಬುದ್ಧಿವಂತಿಕೆಯಲ್ಲ. ರಸ ಹೋದ ಮೀನು ಒಣಗಿ ಸಪ್ಪೆಯಾಗುವುದರಿಂದ ಇಂತಹವರೇ ಮೊದಲು ತಟ್ಟೆಯನ್ನು ದೂರ ಸರಿಸುತ್ತಾರೆ ಎಂಬುದೂ ಗಮನಾರ್ಹ.

ಕೊಬ್ಬಿನ ಮೀನಿಗೆ ಬೇರೆ ನಿಯಮ

ಉಪ್ಪುನೀರಿನಲ್ಲಿ ಅದ್ದುವ ಉಪಾಯ ಎಲ್ಲ ಮೀನುಗಳಿಗೂ ಒಪ್ಪುವುದಿಲ್ಲ. ಬಂಗುಡೆ, ಬೂತಾಯಿಗಳಲ್ಲಿ ಕೊಬ್ಬಿನ ಅಂಶ ಋತುವಿಗೆ ತಕ್ಕಂತೆ ಬಹಳವಾಗಿ ಏರುತ್ತದೆ. ಹೃದಯಕ್ಕೆ ಹಿತವೆಂದು ವೈದ್ಯರು ಹೇಳುವ ಒಮೆಗಾ-3 ಕೊಬ್ಬು ಇದೇ. ಈ ಕೊಬ್ಬು ಗಾಳಿಯ ಆಮ್ಲಜನಕ ಸೋಕಿ ಬೇಗ ಕಮಟು ಹಿಡಿಯುವ ಸ್ವಭಾವದ್ದು. ಉಪ್ಪು ಆ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಮೇಲಾಗಿ ಉಪ್ಪು ಬೆರೆತ ನೀರು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಉಪ್ಪುನೀರು ಸಂಪೂರ್ಣವಾಗಿ ಗಟ್ಟಿಯಾಗಬೇಕಾದರೆ ಶೂನ್ಯಕ್ಕಿಂತ ಸುಮಾರು 21 ಡಿಗ್ರಿ ಕೆಳಗೆ ಇಳಿಯಬೇಕು. ನಮ್ಮ ಫ್ರೀಜರು 18ರಲ್ಲಿ ನಿಲ್ಲುತ್ತದೆ. ಹೀಗಾಗಿ ಉಪ್ಪು ಹೆಚ್ಚು ಹಚ್ಚಿ ಫ್ರೀಜರಿನಲ್ಲಿಟ್ಟ ಮೀನಿನೊಳಗೆ ಸಾಂದ್ರವಾದ ಉಪ್ಪುದ್ರವ ದ್ರವರೂಪದಲ್ಲಿಯೇ ಉಳಿದು, ಪ್ರೋಟೀನನ್ನೂ ಕೊಬ್ಬನ್ನೂ ಕೆಡಿಸುತ್ತಿರುತ್ತದೆ. ಗಟ್ಟಿಯಾಗಿ ಕಂಡಮಾತ್ರಕ್ಕೆ ಮೀನು ಒಳಗೂ ನಿದ್ರಿಸುತ್ತಿದೆಯೆಂದು ತಿಳಿಯಬಾರದು.

ಆದುದರಿಂದ ಬಂಗುಡೆ, ಬೂತಾಯಿಗಳನ್ನು ಉಪ್ಪಿಲ್ಲದೆಯೇ ಇಡಬೇಕು. ಅವು ಗಟ್ಟಿಯಾದ ಮೇಲೆ ಒಮ್ಮೆ ಹೊರತೆಗೆದು ಮಂಜಿನಂತೆ ತಣ್ಣಗಿರುವ ಶುದ್ಧ ನೀರಿನಲ್ಲಿ ಅದ್ದಿ ಮತ್ತೆ ಫ್ರೀಜರಿನಲ್ಲಿಟ್ಟರೆ ಮೈಮೇಲೆ ತೆಳುವಾದ ಮಂಜಿನ ಕವಚ ಕಟ್ಟಿಕೊಂಡು ಗಾಳಿ ಸೋಕದಂತೆ ತಡೆಯುತ್ತದೆ. ಕಾರ್ಖಾನೆಗಳಲ್ಲಿಯೂ ಈ ಕವಚದ ಪದ್ಧತಿಯಿದೆ. ಕೊಳ್ಳುವಾಗ ಮಾತ್ರ ಈ ಕವಚದ ತೂಕವನ್ನು ಬಿಟ್ಟು ಉಳಿದ ನಿವ್ವಳ ತೂಕವೆಷ್ಟೆಂದು ಪೊಟ್ಟಣದ ಮೇಲೆ ನೋಡಿಕೊಳ್ಳಬೇಕು. ಕಾಣೆ, ಕೊಡ್ಡಾಯಿ, ಸಿಗಡಿಗಳಂತಹ ಕೊಬ್ಬು ಕಡಿಮೆಯಿರುವವುಗಳಿಗೆ ತಿಳಿಯಾದ ಉಪ್ಪುನೀರು ಹಿತಕರ.

ಉಪ್ಪು ಮತ್ತು ರಕ್ತದ ಒತ್ತಡ

ನೀರು, ಪ್ರೋಟೀನುಗಳ ಲೆಕ್ಕದ ಆಚೆಗೂ ಒಂದು ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕನೊಬ್ಬನು ದಿನಕ್ಕೆ ಸೇವಿಸುವ ಒಟ್ಟು ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕು, ಅಂದರೆ ಒಂದು ಟೀ ಚಮಚಕ್ಕೂ ಕೊಂಚ ಕಡಿಮೆ. ಮೇಲೆ ಹೇಳಿದ ಉದಾಹರಣೆಯ ಉಪ್ಪುಮೀನಿನಲ್ಲಿ, ನೆನೆಸಿ ಉಪ್ಪು ತೆಗೆಯದಿದ್ದರೆ, 40 ಗ್ರಾಂ ತುಂಡಿನಲ್ಲಿಯೇ ಈ 5 ಗ್ರಾಂ ಮುಗಿದುಹೋಗುತ್ತದೆ. ಹೆಪ್ಪು ಬಿಡಿಸಿದ ಮೀನು ಉಪ್ಪನ್ನು ಬೇಗ ಹೀರುವುದರಿಂದ, ಮೇಲಿಂದ ತೊಳೆದರೂ ಒಳಸೇರಿದ ಉಪ್ಪು ಪೂರ್ತಿ ಹೋಗುವುದಿಲ್ಲ. ಆ ಮೇಲೆ ಮಸಾಲೆಗೊಮ್ಮೆ, ಸಾರಿಗೊಮ್ಮೆ ಉಪ್ಪು ಬೀಳುತ್ತದೆ. ಅಧಿಕ ರಕ್ತದ ಒತ್ತಡ, ಹೃದಯದ ತೊಂದರೆ, ಮೂತ್ರಪಿಂಡದ ಕಾಯಿಲೆಗಳಿರುವವರಿಗೆ ಇದು ಅಲಕ್ಷಿಸುವ ಸಂಗತಿಯಲ್ಲ. ಮೀನು ಹೃದಯಕ್ಕೆ ಒಳ್ಳೆಯದೆಂದು ತಿನ್ನುತ್ತಾ ಅದರ ಮೂಲಕವೇ ಹೃದಯಕ್ಕೆ ಹೊರೆ ಹೊರಿಸುವುದು ವಿಪರ್ಯಾಸವಾಗುತ್ತದೆ.

ಇನ್ನೊಂದು ತಪ್ಪುಕಲ್ಪನೆಯನ್ನೂ ದೂರಮಾಡಬೇಕು. ಉಪ್ಪು ಹಚ್ಚಿದರೆ ಮೀನು ಹೊರಗಿಟ್ಟರೂ ಕೆಡುವುದಿಲ್ಲವೆಂದು ಕೆಲವರು ನಂಬುತ್ತಾರೆ. ನಾವು ಅಡುಗೆಗೆ ಹಚ್ಚುವಷ್ಟು ಉಪ್ಪಿಗೆ ಆ ಶಕ್ತಿಯಿಲ್ಲ. ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಮೀನುಗಳನ್ನು ಬೆಚ್ಚಗಿನ ಸ್ಥಳದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಸೂಕ್ಷ್ಮಜೀವಿಗಳಿಂದ ಹಿಸ್ಟಮಿನ್ ಎಂಬ ದ್ರವ್ಯ ಉಂಟಾಗಬಹುದು. ಅದು ಒಮ್ಮೆ ಉಂಟಾದರೆ ಬೇಯಿಸಿದರೂ, ಹೆಪ್ಪುಗಟ್ಟಿಸಿದರೂ ನಾಶವಾಗುವುದಿಲ್ಲ. ಮುಖ ಕೆಂಪಾಗುವುದು, ಮೈ ತುರಿಕೆ, ತಲೆನೋವು, ವಾಂತಿ ಇವು ಅದರ ಲಕ್ಷಣಗಳು. ತಂಪು ಮಾಡುವ ಕೆಲಸವನ್ನು ಉಪ್ಪಿಗೆ ವಹಿಸಬಾರದು.

ಅಡುಗೆಮನೆಯಲ್ಲಿ ಪಾಲಿಸಬೇಕಾದ ಅಂಶಗಳು

1. ಮೀನನ್ನು ತಂದ ದಿನವೇ ಶುಚಿಮಾಡಿ, ಒಂದು ಹೊತ್ತಿಗೆ ಬೇಕಾಗುವಷ್ಟನ್ನು ಬೇರೆ ಬೇರೆ ಚೀಲಗಳಲ್ಲಿ, ತೆಳುವಾಗಿ ಹರಡಿ ಇಡಿರಿ. ತೆಳುವಾದದ್ದು ಬೇಗ ಹೆಪ್ಪುಗಟ್ಟುತ್ತದೆ. ಚೀಲದೊಳಗಿನ ಗಾಳಿಯನ್ನು ಒತ್ತಿ ಹೊರಹಾಕಿರಿ.

2. ಕೊಬ್ಬು ಕಡಿಮೆಯಿರುವ ಮೀನು ಮತ್ತು ಸಿಗಡಿಗಳನ್ನು ಮಾತ್ರ ಒಂದು ಲೀಟರು ತಣ್ಣೀರಿಗೆ 30 ಗ್ರಾಂ, ಅಂದರೆ ಸುಮಾರು ಐದಾರು ಟೀ ಚಮಚ ಉಪ್ಪು ಬೆರೆಸಿದ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ನೀರು ಬಸಿದು ಇಡಬಹುದು. ಇದು ಸರಿಸುಮಾರು ಕಡಲ ನೀರಿನಷ್ಟೇ ಉಪ್ಪು. ಹೆಚ್ಚು ಹೊತ್ತು ನೆನೆಯಿಡಬೇಡಿರಿ. ಉಪ್ಪನ್ನು ಕಟ್ಟುನಿಟ್ಟಾಗಿ ಬಿಟ್ಟವರ ಮನೆಯಲ್ಲಿ ಈ ಹಂತವನ್ನೂ ಬಿಡಬಹುದು.

3. ಬಂಗುಡೆ, ಬೂತಾಯಿಗಳಿಗೆ ಉಪ್ಪು ಹಚ್ಚದೆ ಇಡಿರಿ. ಎರಡು ಮೂರು ತಿಂಗಳೊಳಗೆ ಬಳಸಿರಿ. ಕೊಬ್ಬು ಕಡಿಮೆಯಿರುವ ಮೀನನ್ನು ಉತ್ತಮ ಫ್ರೀಜರಿನಲ್ಲಿ ಆರು ತಿಂಗಳವರೆಗೆ ಇಡಬಹುದು. ಚೀಲದ ಮೇಲೆ ತಾರೀಖು ಬರೆಯುವುದನ್ನು ಮರೆಯದಿರಿ.

4. ಹೆಪ್ಪು ಬಿಡಿಸುವಾಗ ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿರಿ. ಅವಸರವಿದ್ದರೆ ನೀರು ಒಳಸೇರದಂತೆ ಕಟ್ಟಿದ ಚೀಲವನ್ನು ತಣ್ಣೀರಿನಲ್ಲಿ ಮುಳುಗಿಸಿರಿ. ಬಿಸಿನೀರು ಬೇಡ; ನೇರವಾಗಿ ನಲ್ಲಿಯ ಕೆಳಗೂ ಬೇಡ.

5. ಹುರಿಯುವ ಮೀನಿಗೆ ಉಪ್ಪು, ಹುಳಿ, ಖಾರವನ್ನು ಬಾಣಲೆಗೆ ಹಾಕುವ ಹತ್ತು ಹದಿನೈದು ನಿಮಿಷ ಮೊದಲು ಹಚ್ಚಿದರೆ ಸಾಕು.

6. ಸಾರು, ಗಸಿ, ಪುಳಿಮುಂಚಿಗಳಿಗೆ ಮೀನನ್ನು ಪೂರ್ತಿ ಕರಗಿಸಬೇಕಾಗಿಯೇ ಇಲ್ಲ. ತುಂಡುಗಳು ಒಂದಕ್ಕೊಂದು ಬಿಡುವಷ್ಟಾದಾಗ ಕುದಿಯುವ ಮಸಾಲೆಗೆ ಹಾಕಿ ಚೆನ್ನಾಗಿ ಬೇಯಿಸಿರಿ. ಸೋರುವ ರಸವೆಲ್ಲ ಸಾರಿನಲ್ಲಿಯೇ ಉಳಿದು ಊಟಕ್ಕೆ ಬರುತ್ತದೆ.

7. ಒಮ್ಮೆ ಕರಗಿಸಿದ ಹಸಿ ಮೀನನ್ನು ಮತ್ತೆ ಹೆಪ್ಪುಗಟ್ಟಿಸಬೇಡಿರಿ. ಪ್ರತಿ ಸಲವೂ ಹರಳುಗಳು ಹೊಸ ಗಾಯ ಮಾಡುತ್ತವೆ, ಪ್ರತಿ ಸಲವೂ ರಸ ಸೋರುತ್ತದೆ.

ನಮ್ಮ ಹಿರಿಯರು ಉಪ್ಪನ್ನು ಕೈಯಳತೆಯಿಂದಲೇ ತಿಳಿದಿದ್ದರು. ಒಣಮೀನಿಗೆ ಬೇಕಾದ ಅಳತೆ ಒಂದು, ಹಸಿಮೀನಿಗೆ ಬೇಕಾದ ಅಳತೆ ಇನ್ನೊಂದು ಎಂಬ ವಿವೇಕ ಅವರಿಗಿತ್ತು. ಊರು ಬಿಟ್ಟು ಬಂದ ನಮ್ಮ ಅಡುಗೆಮನೆಗೆ ಹೆಪ್ಪುಗಟ್ಟಿಸಿದ ಮೀನೆಂಬ ಮೂರನೆಯದೊಂದು ಬಂದು ಸೇರಿದೆ. ಅದಕ್ಕೆ ತಕ್ಕ ಮೂರನೆಯ ಅಳತೆಯನ್ನು ನಾವೇ ಕಲಿಯಬೇಕಾಗಿದೆ. ಉಪ್ಪು ಕಡಿಮೆ, ಹೊತ್ತು ಕಡಿಮೆ, ತಂಪು ಹೆಚ್ಚು: ಇಷ್ಟನ್ನು ನೆನಪಿಟ್ಟರೆ ಮೀನಿನ ರಸ ಮೀನಿನಲ್ಲಿಯೇ ಉಳಿದೀತು, ನಮ್ಮ ಆರೋಗ್ಯವೂ ನಮ್ಮಲ್ಲಿಯೇ ಉಳಿದೀತು.